ಬೆನ್ನು ಮುಟ್ಟುವ ಮೊದಲು

ಪ್ರೀತಿಯ ಚಿನ್ನುಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಮೇಲ್ ನೋಡಿದೆ. ಟ್ರೆಫಾರೆಸ್ಟ್‌ನಲ್ಲಿ ಕೈರೋಪ್ರಾಕ್ಟಿಕ್, ಅಂದರೆ ಬೆನ್ನು-ಕುತ್ತಿಗೆಯ ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವ ವಿದ್ಯೆಗೆ, ಸೀಟು ಸಿಕ್ಕಿದ್ದು ಕೇಳಿ ತುಂಬಾ ಖುಷಿಯಾಯಿತು. ವೇಲ್ಸ್‌ನಲ್ಲಿ ನಾವಿರುವ ಕಾರ್ಡಿಫ್‌ನಿಂದ ಅಲ್ಲಿಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಭಾನುವಾರದ ಊಟಕ್ಕೆ ನೀನು ನಮ್ಮನೆಗೇ ಬರಬಹುದು. ಆದರೆ ನೀನು ಕಳಿಸಿದ ಆ ಮೂರು ವಿಡಿಯೋ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮೂರರಲ್ಲೂ ಒಂದೇ ಕಥೆ. ಕುತ್ತಿಗೆ ತಿರುಗಿಸುತ್ತಾರೆ, ಲಟಕ್ ಅನ್ನುತ್ತದೆ, ಮಲಗಿದವರು ನಗುತ್ತಾರೆ. "ಅತ್ತೆ, ನನಗೂ ಹೀಗೆ ಮಾಡಬೇಕು" ಅಂತ ನೀನು ಬರೆದಿದ್ದೀಯ. ಅದಕ್ಕೇ ಈ ಪತ್ರ.

ಮೊದಲು ಆ ಸದ್ದಿನ ವಿಷಯ. ಅದು ಜಾರಿದ ಮೂಳೆ ವಾಪಸ್ ಕೂತ ಸದ್ದಲ್ಲ. ನಾವು ಬೆರಳ ಲಟಿಕೆ ಮುರಿಯುತ್ತೇವಲ್ಲ, ಅದೇ ಇದು. ಕೀಲಿನೊಳಗೆ ಎಣ್ಣೆಯಂಥ ದ್ರವ ಇರುತ್ತದೆ. ಕೀಲಿನ ಎರಡು ಬದಿ ಥಟ್ಟನೆ ಬಿಟ್ಟುಕೊಂಡರೆ ಒಳಗಿನ ಒತ್ತಡ ಇಳಿದು ಗುಳ್ಳೆಯಂಥ ಖಾಲಿ ಜಾಗ ಹುಟ್ಟುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಬೆರಳು ಎಳೆದು ಅದನ್ನು ಚಿತ್ರದಲ್ಲಿ ಹಿಡಿದರು. ಸದ್ದು ಬಂದರೆ ಹಗುರ ಅನ್ನಿಸುತ್ತದೆ, ನಿಜ. ನಿಮ್ಮಪ್ಪನಿಗೂ ಕಟಿಂಗ್ ಆದ ಮೇಲೆ ಅಂಗಡಿಯವನು ಕುತ್ತಿಗೆ ಲಟಕ್ ಅನ್ನಿಸಿದರೇ ಸಮಾಧಾನ. ಬೇಡ ಅಂತ ಎಷ್ಟು ಸಲ ಹೇಳಿದ್ದೇನೆ! ಕುತ್ತಿಗೆಯ ಮೂಳೆಗಳ ತೂತುಗಳ ಮೂಲಕವೇ ಮೆದುಳಿಗೆ ರಕ್ತ ಒಯ್ಯುವ ನಾಳ ಹಾದುಹೋಗುತ್ತದೆ. ಅದರ ಒಳಪದರ ಹರಿದರೆ ಸ್ಟ್ರೋಕ್ ಆಗಬಹುದು. ತುಂಬಾ ಅಪರೂಪ. ಕೆಲವರಿಗೆ ನಾಳ ಮೊದಲೇ ಹರಿದಿದ್ದು, ಆ ನೋವಿಗೇ ಅವರು ಕುತ್ತಿಗೆ ತೋರಿಸಲು ಬಂದಿರುತ್ತಾರೆ. ಹಾಗಿದ್ದಾಗಲಂತೂ ಆ ಕುತ್ತಿಗೆಯನ್ನು ತಿರುಗಿಸಲೇಬಾರದು, ಅಲ್ವಾ?

ಈಗ ತಾತನ ವಿಷಯ ಹೇಳುತ್ತೇನೆ. ನಿನಗೆ ಅವರ ಬೆನ್ನಿನ ಗೂನು ಮಾತ್ರ ಗೊತ್ತು. ಅದು ಹೇಗಾಯಿತು ಅಂತ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

1999. ನಾನು ಮೈಸೂರಿನಲ್ಲಿ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿಯ ಎರಡನೇ ವರ್ಷ ಓದುತ್ತಿದ್ದೆ. ತಾತನಿಗೆ ನಡುಬೆನ್ನು ನೋವು ಶುರುವಾಯಿತು. ಗದ್ದೆ ಕೆಲಸದವರು, ಬೆನ್ನು ನೋಯದೆ ಇರುತ್ತದಾ ಅಂದುಕೊಂಡೆವು. ಪಕ್ಕದ ಊರಲ್ಲಿ ಬೆನ್ನು ನೀವಿ ಲಟಿಕೆ ತೆಗೆಯುವವರೊಬ್ಬರು ಇದ್ದರು. ವಾರಕ್ಕೊಮ್ಮೆ ಅವರ ಹತ್ತಿರ ಹೋಗಿ ಬರುತ್ತಿದ್ದರು. ಹೋದ ದಿನ ಆರಾಮ, ಮೂರನೇ ದಿನಕ್ಕೆ ಮತ್ತೆ ನೋವು. ರಜೆಗೆ ಬಂದ ನಾನೂ ಹೊಸದಾಗಿ ಕಲಿತದ್ದನ್ನೆಲ್ಲ ಅವರ ಬೆನ್ನಿನ ಮೇಲೆ ಮಾಡಿದೆ. ಅಂಗೈ ಇಟ್ಟು ಒತ್ತಿದೆ. ಅವರು ಹಲ್ಲು ಕಚ್ಚಿಕೊಂಡು "ಒತ್ತು ಮಗಳೇ" ಅಂದರು.

ಆ ದಿನ ಅವರ ಕೈಗಡಿಯಾರ ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ. ಸ್ಟೀಲ್ ಚೈನಿನ ಎಚ್‌ಎಂಟಿ. ಕೈ ಮೇಲೆತ್ತಿದಾಗ ಅದು ಮಣಿಕಟ್ಟಿನಿಂದ ಜಾರಿ ಮೊಣಕೈ ಹತ್ತಿರ ಬಂದು ನಿಂತಿತು. ಚೈನು ಸಡಿಲವಾಗಿದೆ ಅಂದುಕೊಂಡೆ. ಮನುಷ್ಯ ಇಳಿದುಹೋಗಿದ್ದಾರೆ ಅಂತ ಹೊಳೆಯಲಿಲ್ಲ. ಆಮೇಲೆ ಒಬ್ಬರು ಡಾಕ್ಟರು ಬೆನ್ನು ಮುಟ್ಟುವ ಮೊದಲೇ ಮೂರು ಪ್ರಶ್ನೆ ಕೇಳಿದರು. ಸಂಜೆ ಜ್ವರ ಬರುತ್ತಾ? ತೂಕ ಇಳಿದಿದೆಯಾ? ಮಲಗಿದರೂ ನೋವು ಇರುತ್ತಾ? ಮೂರಕ್ಕೂ ಹೌದು. ಬೆನ್ನುಮೂಳೆಯ ಟಿಬಿ. ಎರಡು ಮೂಳೆ ಒಳಗಿನಿಂದ ಸವೆದು ಕುಸಿಯುತ್ತಿದ್ದವು. ಅದರ ಮೇಲೇ ನಾವು ಒತ್ತುತ್ತಿದ್ದೆವು. ಕಾಲು ಹೋಗದೆ ಉಳಿದದ್ದು ದೇವರ ದಯೆ. ಒಂದೂವರೆ ವರ್ಷ ಮಾತ್ರೆ ನುಂಗಿ ಗುಣವಾದರು. ಗೂನು ಮಾತ್ರ ಉಳಿಯಿತು.

ಚಿನ್ನು, ನಿನ್ನ ನಾಲ್ಕು ವರ್ಷದ ಓದಿನಲ್ಲಿ ನಾನು ನಿನ್ನಿಂದ ಬಯಸುವುದು ಇದನ್ನೇ. ಯಾವ ಬೆನ್ನನ್ನು ಮುಟ್ಟಬಾರದು ಅಂತ ಕಲಿ. ಆ ಮೂರು ಪ್ರಶ್ನೆಯ ಜೊತೆ ಇನ್ನೂ ಇವೆ. ಮೂತ್ರ ಬಂದದ್ದು ಗೊತ್ತಾಗುತ್ತಾ? ಕೂತಾಗ ನೆಲಕ್ಕೆ ತಾಗುವ ಜಾಗ ಜೋಮು ಹಿಡಿದಿದೆಯಾ? ಮೊದಲು ಯಾವಾಗಲಾದರೂ ಕ್ಯಾನ್ಸರ್ ಆಗಿತ್ತಾ? ಇಪ್ಪತ್ತರ ಹುಡುಗಿ ಅರವತ್ತು ವರ್ಷದ ಅಪರಿಚಿತರನ್ನು ಇದೆಲ್ಲ ಕೇಳುವುದು ಸುಲಭವಲ್ಲ. ನಾಚಿಕೆ ಆಗುತ್ತದೆ. ಕನ್ನಡಿ ಮುಂದೆ ನಿಂತು ಬಾಯಿಬಿಟ್ಟು ಕೇಳಿ ಅಭ್ಯಾಸ ಮಾಡು. ಮೂತ್ರದ ಪ್ರಶ್ನೆಗೆ ಬೇಡದ ಉತ್ತರ ಬಂದರೆ ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕಳಿಸಬೇಕು, ನಾಳೆಗೆ ಬಿಡುವಂತಿಲ್ಲ. ನಾನು ಇಲ್ಲಿಗೆ ಬಂದು 17 ವರ್ಷವಾಯಿತು. ಈಗಲೂ ಪ್ರತಿ ಬೆನ್ನುನೋವಿಗೂ ಕೇಳುತ್ತೇನೆ. ಒಂದು ದಿನವೂ ಬಿಟ್ಟಿಲ್ಲ.

ಓದು ಕಷ್ಟವಿದೆ. ಅಂಗರಚನೆ, ನರಗಳು, ಎಕ್ಸ್‌ರೇ ಓದುವುದು, ರೋಗ ಪತ್ತೆ. ಕುತ್ತಿಗೆಯ 7, ಎದೆಯ ಹಿಂದಿನ 12, ಸೊಂಟದ 5, ಒಟ್ಟು 24 ಮೂಳೆಗಳನ್ನು ಕಣ್ಣು ಮುಚ್ಚಿ ಬೆರಳಿನಿಂದಲೇ ಎಣಿಸಬೇಕು. ಕೀಲನ್ನು ಕೈಯಿಂದ ತಳ್ಳುವುದನ್ನು ಸಹಪಾಠಿಗಳ ಮೇಲೇ ಕಲಿಯುತ್ತೀರಿ. ವೇಗ ಜಾಸ್ತಿ, ದೂರ ಕಡಿಮೆ, ಅಷ್ಟೇ ಅದರ ಗುಟ್ಟು. ಜೋರು ಬೇಕಿಲ್ಲ. ಕೊನೆಯ ವರ್ಷ ಅಲ್ಲಿನದೇ ಕ್ಲಿನಿಕ್‌ನಲ್ಲಿ ಮೇಷ್ಟರ ಕಣ್ಣೆದುರಿಗೆ ನಿಜವಾದ ರೋಗಿಗಳನ್ನು ನೋಡುತ್ತೀಯ. ಟ್ರೆಫಾರೆಸ್ಟ್ ಸುತ್ತಲಿನ ಕಣಿವೆಗಳೆಲ್ಲ ಮೊದಲು ಕಲ್ಲಿದ್ದಲು ಗಣಿಗಳಿದ್ದ ಊರುಗಳು. ಜನ ನೋವನ್ನು ಕಡಿಮೆ ಮಾಡಿ ಹೇಳುತ್ತಾರೆ, ನಮ್ಮ ತಾತನ ಹಾಗೆ. ಗಡಿಯಾರ ಎಲ್ಲಿ ನಿಂತಿದೆ ನೋಡು.

ಇನ್ನೊಂದು ಎಚ್ಚರ. ಈ ವಿದ್ಯೆ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡಾವೆನ್‌ಪೋರ್ಟ್‌ನಲ್ಲಿ. ಡಿ.ಡಿ. ಪಾಮರ್ ಅನ್ನುವವರು ಹಾರ್ವಿ ಲಿಲಾರ್ಡ್ ಎಂಬ ಕಿವುಡ ಕೆಲಸಗಾರರ ಬೆನ್ನು ಸರಿ ಮಾಡಿದೆ, ಅವರಿಗೆ ಕಿವಿ ಕೇಳಿಸಿತು ಅಂದರು. 1897ರಲ್ಲಿ ಶಾಲೆಯನ್ನೂ ತೆರೆದರು. ಕಿವಿಯ ನರ ತಲೆಬುರುಡೆಯ ಒಳಗೇ ಇದೆ, ಬೆನ್ನಿಗೆ ಇಳಿಯುವುದೇ ಇಲ್ಲ. ಆದರೂ ಬೆನ್ನುಮೂಳೆ ಚೂರು ಸರಿದರೆ ನರ ಒತ್ತಿ ಎಲ್ಲ ಕಾಯಿಲೆ ಬರುತ್ತದೆ ಅನ್ನುವ ನಂಬಿಕೆ ಬೆಳೆಯಿತು. ಅದನ್ನೇ ಸಬ್‌ಲಕ್ಸೇಷನ್ ಅನ್ನುತ್ತಾರೆ. ಅದು ಕಾಯಿಲೆಗೆ ಕಾರಣ ಅಂತ ಹೇಳಲು ಪುರಾವೆ ಇಲ್ಲವೆಂದು 2010ರಲ್ಲಿ ಇಲ್ಲಿ ಕೈರೋಪ್ರಾಕ್ಟರುಗಳನ್ನು ನೋಂದಾಯಿಸುವ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ಲೇ ಹೇಳಿತು. ಮಕ್ಕಳ ಹೊಟ್ಟೆನೋವು, ಆಸ್ತಮಾ ಎಲ್ಲ ಇದರಿಂದ ವಾಸಿ ಅನ್ನುವುದನ್ನು ಸೈಮನ್ ಸಿಂಗ್ ಎಂಬ ವಿಜ್ಞಾನ ಲೇಖಕರು 2008ರಲ್ಲಿ ಪ್ರಶ್ನಿಸಿದ್ದರು. ಬ್ರಿಟಿಷ್ ಕೈರೋಪ್ರಾಕ್ಟಿಕ್ ಅಸೋಸಿಯೇಷನ್ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹಾಕಿ, 2010ರಲ್ಲಿ ವಾಪಸ್ ತೆಗೆದುಕೊಂಡಿತು. ಯಾರಾದರೂ ನಿನಗೆ ಕೂಸುಗಳ ಬೆನ್ನು ಒತ್ತಲು ಕಲಿಸಲು ಬಂದರೆ, ಅಥವಾ ಆರೋಗ್ಯವಾಗಿದ್ದವರಿಗೆ ಐವತ್ತು ಸಿಟ್ಟಿಂಗ್‌ನ ಪ್ಯಾಕೇಜ್ ಮಾರುವುದು ಹೇಗೆ ಅಂತ ಹೇಳಿಕೊಟ್ಟರೆ, ಅಲ್ಲಿಂದ ಎದ್ದು ಬಾ.

ಹಾಗಂತ ಈ ವಿದ್ಯೆಯಲ್ಲಿ ಸತ್ವವಿಲ್ಲ ಅನ್ನುತ್ತಿಲ್ಲ. ಸೊಂಟನೋವಿಗೆ ಕೈಚಿಕಿತ್ಸೆ ಕೊಡಬಹುದು, ಆದರೆ ವ್ಯಾಯಾಮದ ಜೊತೆಗೇ ಕೊಡಬೇಕು ಅಂತ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಹೇಳುತ್ತದೆ. ನನ್ನ ರೋಗಿಗಳನ್ನು ಕಣ್ಣುಮುಚ್ಚಿ ಕಳಿಸಬಹುದಾದ ಒಳ್ಳೆಯ ಕೈರೋಪ್ರಾಕ್ಟರುಗಳು ನನಗೆ ಗೊತ್ತು. ಅವರು ನಿಧಾನವಾಗಿ ಕೇಳುತ್ತಾರೆ, ಬೇಡವೆಂದರೆ ವಾಪಸ್ ಕಳಿಸುತ್ತಾರೆ. ತಾವು ಮೆಡಿಕಲ್ ಡಾಕ್ಟರ್ ಅಲ್ಲ ಅಂತ ಮೊದಲೇ ಹೇಳುತ್ತಾರೆ. ನೀನೂ ಹೇಳು.

ಕೊನೆಗೆ ದುಡ್ಡು. ನಿಮ್ಮಪ್ಪ ವಿಜಯನಗರದ ಸೈಟ್ ಅಡ ಇಡಲು ಹೊರಟಿದ್ದಾನೆ ಅಂತ ಅಮ್ಮ ಹೇಳಿದಳು. ಅದಕ್ಕೆ ಮೊದಲು ನೀವಿಬ್ಬರೂ ಒಂದು ಮಾತಿಗೆ ಉತ್ತರ ಹೇಳಬೇಕು. ಓದು ಮುಗಿದ ಮೇಲೆ ಎಲ್ಲಿರುತ್ತೀಯ? ಬ್ರಿಟನ್ನಿನಲ್ಲಿ 1994ರ ಕಾಯಿದೆಯ ಪ್ರಕಾರ ನೋಂದಣಿ ಆದವರು ಮಾತ್ರ ಕೈರೋಪ್ರಾಕ್ಟರ್ ಅಂತ ಹೇಳಿಕೊಳ್ಳಬಹುದು. ಇಲ್ಲಿ ಬೆಲೆ ಇದೆ. ಆದರೆ ಎನ್‌ಎಚ್‌ಎಸ್‌ ಅನ್ನುವ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಆ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ಜಾಸ್ತಿ ಜನ ಖಾಸಗಿ ಕ್ಲಿನಿಕ್‌ಗಳಲ್ಲಿ ಸ್ವಂತ ಲೆಕ್ಕದಲ್ಲಿ ದುಡಿಯುತ್ತಾರೆ. ಕೆಲಸದ ವೀಸಾಕ್ಕೆ ಸಂಬಳ ಕೊಟ್ಟು ಸ್ಪಾನ್ಸರ್ ಮಾಡುವ ಮಾಲೀಕರು ಬೇಕು. ಇವೆರಡೂ ಸುಲಭಕ್ಕೆ ಹೊಂದುವುದಿಲ್ಲ. ಮೈಸೂರಿಗೇ ವಾಪಸ್ ಅಂದರೆ, ಭಾರತದಲ್ಲಿ ಇದಕ್ಕೆ ಅಂತ ಪ್ರತ್ಯೇಕ ಮಂಡಳಿ ಇಲ್ಲ. ಫಿಸಿಯೋಥೆರಪಿಗಾದರೆ ಸಹ-ವೈದ್ಯಕೀಯ ವೃತ್ತಿಗಳ 2021ರ ಕಾಯಿದೆಯಲ್ಲಿ ಜಾಗ ಸಿಕ್ಕಿದೆ. ವಾಪಸ್ ಬರುವ ಮನಸ್ಸು ಗಟ್ಟಿಯಾಗಿದ್ದರೆ ಅಲ್ಲೇ ಬಿಪಿಟಿ ಮಾಡು, ಕೈಚಿಕಿತ್ಸೆಯನ್ನು ಅದರ ಮೇಲೆ ಕಲಿ. ನಾನು ನಿನ್ನ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆ. ಇಲ್ಲೇ ನೆಲೆಸುವ ಯೋಚನೆಯಿದ್ದರೆ ಬಾ. ಕ್ಲಿನಿಕ್‌ನವರನ್ನು ವೀಸಾ ಬಗ್ಗೆ ಈಗಲೇ ವಿಚಾರಿಸಲು ನಾನು ಜೊತೆಗಿರುತ್ತೇನೆ.

ಮಂಗಳವಾರ ರಾತ್ರಿ ಫೋನ್ ಮಾಡು. ಅಪ್ಪನೂ ಪಕ್ಕದಲ್ಲಿರಲಿ. ಅಲ್ಲಿಯವರೆಗೆ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವುದು ಬೇಡ ಅಂತ ನಾನು ಹೇಳಿದೆ ಅನ್ನು.

ಇಂತಿ,
ನಿನ್ನ ಅತ್ತೆ