ಪಾಟೀ ಸವಾಲಿನಲ್ಲಿ ಪಳಗಿದವರೂ ಪೀಠಕ್ಕೆ ಬರಲಿ

ಮಾನ್ಯರೇ,

ಕ್ರಿಮಿನಲ್ ವಕೀಲರೆಂದರೆ ತಪ್ಪಿತಸ್ಥರನ್ನು ಬಿಡಿಸುವವರು ಎಂದು ಸುಮ್ನೆ ಹೇಳಿಬಿಡುತ್ತಾರೆ. ಅಂಥವರು ನ್ಯಾಯಮೂರ್ತಿಯಾದರೆ ಹೇಗೆ ಎಂಬ ಅನುಮಾನವೂ ಕೆಲವರಿಗಿದೆ. ಅವರು ಉದಯ್ ಉಮೇಶ್ ಲಲಿತ್ ಅವರ ವೃತ್ತಿಜೀವನವನ್ನು ನೋಡಬೇಕು.

ಲಲಿತ್ ಹೆಸರು ಮಾಡಿದ್ದೇ ಕ್ರಿಮಿನಲ್ ಮೊಕದ್ದಮೆಗಳಲ್ಲಿ. ಆರೋಪಿಗಳ ಪರ ವಾದಿಸಿದರು, ದೂರಸಂಪರ್ಕ ತರಂಗಾಂತರ ಹಂಚಿಕೆಯ 2ಜಿ ಹಗರಣದ ಪ್ರಕರಣದಲ್ಲಿ ವಿಶೇಷ ಸರ್ಕಾರಿ ಅಭಿಯೋಜಕರೂ ಆದರು. 2014ರಲ್ಲಿ ವಕೀಲಿಕೆಯಿಂದ ನೇರವಾಗಿ ಸುಪ್ರೀಂ ಕೋರ್ಟ್‌ಗೆ ಬಂದರು. 2022ರಲ್ಲಿ 74 ದಿನ ಮುಖ್ಯ ನ್ಯಾಯಮೂರ್ತಿಯಾಗಿದ್ದರು.

ಹಳೆಯ ಕಕ್ಷಿದಾರರ ಪ್ರಶ್ನೆ ಬಂದಾಗ ಅವರು ನಡೆದುಕೊಂಡ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು. 2019ರಲ್ಲಿ ಅಯೋಧ್ಯೆ ಪ್ರಕರಣದ ಪೀಠದಲ್ಲಿದ್ದರು. ಬಾಬರಿ ಮಸೀದಿ ಉರುಳಿದಾಗ ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಕಲ್ಯಾಣ್ ಸಿಂಗ್ ಪರ ಲಲಿತ್ ಹಿಂದೆ ಹಾಜರಾಗಿದ್ದ ವಿಷಯವನ್ನು ವಕೀಲರೊಬ್ಬರು ಎತ್ತಿದರು. ಲಲಿತ್ ಪೀಠದಿಂದ ಹಿಂದೆ ಸರಿದರು.

ಚರ್ಮಕ್ಕೆ ಚರ್ಮ ತಾಗದಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಲೈಂಗಿಕ ದೌರ್ಜನ್ಯವಾಗದು ಎಂಬ ಬಾಂಬೆ ಹೈಕೋರ್ಟ್ ತೀರ್ಪನ್ನು 2021ರಲ್ಲಿ ರದ್ದು ಮಾಡಿದ್ದು ಅವರ ನೇತೃತ್ವದ ಪೀಠ. ಗಲ್ಲು ಶಿಕ್ಷೆಗೆ ಮೊದಲು ಅಪರಾಧಿಯ ಹಿನ್ನೆಲೆಯನ್ನು ಕೇಳಲು ನಿಜವಾದ ಅವಕಾಶ ಹೇಗಿರಬೇಕು ಎಂಬ ಪ್ರಶ್ನೆಯನ್ನು ಮರುವರ್ಷ ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿದ್ದೂ ಅವರದೇ ಪೀಠ. ಮಗುವಿಗೂ ನ್ಯಾಯ, ಅಪರಾಧಿಗೂ ನ್ಯಾಯ. ಎರಡೂ ಕಡೆಯ ಕಷ್ಟ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ?

ವಕೀಲರೊಬ್ಬರು ಹೈಕೋರ್ಟ್ ನ್ಯಾಯಮೂರ್ತಿಯಾಗಲು ಹೈಕೋರ್ಟಿನಲ್ಲಿ 10 ವರ್ಷ ವಕೀಲಿಕೆ ಮಾಡಿರಬೇಕು ಎನ್ನುತ್ತದೆ ಸಂವಿಧಾನ. ಎಂಥ ಮೊಕದ್ದಮೆ ಎಂದು ಹೇಳಿಲ್ಲ. ಹೆಸರು ಶಿಫಾರಸು ಮಾಡುವಾಗ ಹಿರಿಯ ನ್ಯಾಯಮೂರ್ತಿಗಳ ಸಮಿತಿಯಾದ ಕೊಲಿಜಿಯಂ ಕ್ರಿಮಿನಲ್ ವಕೀಲರ ಕಡೆಗೂ ಜಾಸ್ತಿ ಗಮನ ಕೊಡಲಿ. ಜಾಮೀನು ಅರ್ಜಿಗಳು ರಾಶಿ ಬಿದ್ದಿರುವ ಈ ಹೊತ್ತಿನಲ್ಲಿ ಅವರ ಅನುಭವ ತುಂಬಾ ಬೇಕಾಗಿದೆ.

– ಒಬ್ಬ ಓದುಗ