ಭಾನುವಾರದ ಪೋರ್ಟ್ರೇಟ್ (ಮುಖದ ಫೋಟೊ) ಅಭ್ಯಾಸ: ಥರ್ಮೋಕೋಲ್, ಪಂಚೆ ಮರೀಬೇಡಿ

ಎಲ್ಲರಿಗೂ ನಮಸ್ಕಾರ,

ಈ ಭಾನುವಾರ ಬೆಳಿಗ್ಗೆ 6.30ಕ್ಕೆ ಮೇಲುಕೋಟೆ ಕಲ್ಯಾಣಿ ಹತ್ತಿರ ಸೇರೋಣ. ಹೆಸರು ಕೊಟ್ಟವರೆಲ್ಲ ಬರಬೇಕು. ಫೋನ್ ಕ್ಯಾಮೆರಾ ಇದ್ದರೂ ಸಾಕು. ತಡ ಮಾಡಬೇಡಿ, 8 ಗಂಟೆ ಮೇಲೆ ಬಿಸಿಲು ಚುರುಕಾಗುತ್ತದೆ.

ಫ್ಲ್ಯಾಶ್ ಬೇಡ. ಬಿಸಿಲನ್ನು ಮುಖದ ಮೇಲೆ ಪ್ರತಿಫಲಿಸಲು ಸ್ಟೇಷನರಿ ಅಂಗಡಿಯ ಬಿಳಿ ಥರ್ಮೋಕೋಲ್ ಹಾಳೆ ತನ್ನಿ. ಫೋಟೊಗೆ ನಿಲ್ಲುವವರನ್ನು ಸೂರ್ಯ ಬೆನ್ನಿಗಿರುವಂತೆ ನಿಲ್ಲಿಸಿ, ಹಾಳೆಯನ್ನು ಅವರ ಎದುರಿಗೆ ಮೂರಡಿ ದೂರದಲ್ಲಿ, ಎದೆಮಟ್ಟಕ್ಕಿಂತ ಸ್ವಲ್ಪ ಮೇಲೆ ಹಿಡಿಯಿರಿ. ನಿಧಾನಕ್ಕೆ ತಿರುಗಿಸಿದರೆ ಕಣ್ಣಲ್ಲಿ ಬಿಳಿ ಚುಕ್ಕೆ ಮೂಡುತ್ತದೆ. ಅಲ್ಲೇ ನಿಲ್ಲಿಸಿ. ತೀರಾ ಕೆಳಗಿಂದ ಹಿಡಿದರೆ ಮುಖ ದೆವ್ವದ ಹಾಗೆ ಕಾಣುತ್ತದೆ! ಅಡುಗೆ ಫಾಯಿಲ್ ನನಗೆ ಇಷ್ಟವಿಲ್ಲ, ಬೆಳಕು ಕಣ್ಣಿಗೆ ಚುಚ್ಚುತ್ತದೆ.

ಬಿಸಿಲೇರಿದ ಮೇಲೆ ತೆಳು ಬಿಳಿ ಪಂಚೆಯನ್ನು ಇಬ್ಬರು ತಲೆ ಮೇಲೆ ಹಿಡಿದರೆ ಮೂಗಿನ ಕೆಳಗಿನ ಕಪ್ಪು ನೆರಳು ಮೆತ್ತಗಾಗುತ್ತದೆ. ಇಲ್ಲವೇ ಮಂಟಪದ ಅಂಚಿನ ನೆರಳಲ್ಲಿ, ಮುಖ ಹೊರಗೆ ಮಾಡಿ ನಿಲ್ಲಿಸಿದರಾಯಿತು.

ಗಾಢ ಬಣ್ಣದ ಅಂಗಿ ಬೇಡ. ಕಳೆದ ಸಲ ನನ್ನ ಹಸಿರು ಟೀಶರ್ಟ್‌ನಿಂದ ಪಾಪ ಎದುರಿದ್ದವರ ಕೆನ್ನೆಯೆಲ್ಲ ಹಸಿರು!

ಪೂಜೆ, ಸ್ನಾನಕ್ಕೆ ಬಂದವರ ಫೋಟೊ ಕೇಳದೆ ತೆಗೆಯಬೇಡಿ. ಯಾರು ಬರ್ತೀರಿ, ಯಾರ ಹತ್ತಿರ ಪಂಚೆ ಇದೆ, ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೇಳಿ.