ಸಿಸಿಲಿಗೆ ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಪಟ್ಟಿ ನೋಡಿದೆ. ಒಂದೇ ವಾರದಲ್ಲಿ ಪಲೆರ್ಮೊ, ಚೆಫಲು, ತಾವೊರ್ಮಿನಾ, ಸಿರಾಕೂಸಾ, ಟ್ರಾಪನಿ! ಇಟಲಿಯ ಈ ಸಿಸಿಲಿ ಮೆಡಿಟರೇನಿಯನ್ ಸಮುದ್ರದ ಅತಿ ದೊಡ್ಡ ದ್ವೀಪ ಕಣೇ. ಹೀಗೆ ಓಡಿದರೆ ರೈಲು, ಬಸ್ಸಿನ ಕಿಟಕಿ ಬಿಟ್ಟು ಬೇರೇನೂ ಕಾಣಲ್ಲ. ಪಲೆರ್ಮೊ, ಚೆಫಲು ಮತ್ತು ಪಶ್ಚಿಮದ ಕಡೆ ಮಾತ್ರ ಇಟ್ಕೊ. ತಾವೊರ್ಮಿನಾ, ಸಿರಾಕೂಸಾ ಇನ್ನೊಂದು ಸಲಕ್ಕಿರಲಿ.

ಕಾಲೇಜಿಗೆ ರಜೆ ಅಂತ ಆಗಸ್ಟ್‌ನಲ್ಲಿ ಹೋಗಬೇಡ. 15ನೇ ತಾರೀಖಿನ ಫೆರ್ರಾಗೋಸ್ತೊ ಹಬ್ಬಕ್ಕೆ ಇಡೀ ಇಟಲಿ ಕಡಲತೀರದಲ್ಲಿರುತ್ತದೆ. ಬಿಸಿಲೂ ಸುಮ್ನೆ ಬಿಡಲ್ಲ. 2021ರ ಆಗಸ್ಟ್ 11ರಂದು ಸಿರಾಕೂಸಾ ಹತ್ತಿರ 48.8 ಡಿಗ್ರಿ ಮುಟ್ಟಿತ್ತು, ಅದು ಯುರೋಪಿನ ದಾಖಲೆ. ಸೆಪ್ಟೆಂಬರ್ ಮಧ್ಯ ಒಳ್ಳೆಯದು. ಬೇಸಿಗೆಯೆಲ್ಲ ಕಾದ ನೀರು ಅಷ್ಟು ಬೇಗ ತಣಿಯಲ್ಲ.

ಪಲೆರ್ಮೊದಿಂದ ಚೆಫಲುಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಬೆಳಿಗ್ಗೆಯೇ ಸಮುದ್ರಕ್ಕೆ ಇಳಿ. ಬಾಡಿಗೆ ಛತ್ರಿ, ಕುರ್ಚಿ ಹಾಕಿದ ಲಿಡೊಗಳಿಗೆ ದುಡ್ಡು ಕೊಡಬೇಕು. 'ಸ್ಪಿಯಾಜ್ಜಾ ಲಿಬೆರಾ' ಅಂತ ಇದ್ದಲ್ಲಿ ಟವೆಲ್ ಹಾಸಿಕೊಂಡು ಕೂತರೆ ಯಾರೂ ಕೇಳಲ್ಲ. ಬಿಸಿಲೇರಿದ ಮೇಲೆ ಊರೊಳಗೆ ಬಾ. 1131ರಲ್ಲಿ ರಾಜ ಎರಡನೇ ರೋಜರ್ ಶುರು ಮಾಡಿಸಿದ ದೊಡ್ಡ ಚರ್ಚ್ ಅಲ್ಲಿದೆ. ಭುಜ ಮುಚ್ಚಿಕೊಳ್ಳೋಕೆ ದುಪಟ್ಟಾ ಇಟ್ಟುಕೋ. ಅದಾದ ಮೇಲೆ ಬಟ್ಟೆ ಒಗೆಯುವ ಹಳೇ ಕಟ್ಟೆ ತಪ್ಪಿಸಬೇಡ. ಕಲ್ಲಿನ ಮೆಟ್ಟಿಲು ಇಳಿದರೆ ಕಬ್ಬಿಣದ ಸಿಂಹದ ಬಾಯಿಗಳಿಂದ ನೀರು ಕಲ್ಲಿನ ತೊಟ್ಟಿಗಳಿಗೆ ಬೀಳುತ್ತಾ ಇರುತ್ತದೆ. ಹೆಂಗಸರು ಬಟ್ಟೆ ಉಜ್ಜುತ್ತಿದ್ದ ಇಳಿಜಾರು ಕಲ್ಲುಗಳು ಇನ್ನೂ ಹಾಗೇ ಇವೆ. ಅಲ್ಲಿ ಸ್ವಲ್ಪ ಹೊತ್ತು ಕೂತುಕೋ.

ನನಗೆ ಎಲ್ಲಕ್ಕಿಂತ ಇಷ್ಟ ಜಿಂಗರೊ. ಸ್ಕೊಪೆಲ್ಲೊ ಮತ್ತು ಸಾನ್ ವಿಟೊ ಲೋ ಕಾಪೊ ನಡುವೆ ಏಳು ಕಿಲೋಮೀಟರಿನಷ್ಟು ಕಡಲಂಚು, ವಾಹನವೇ ಹೋಗಲ್ಲ. ಅಲ್ಲಿ ರಸ್ತೆ ಮಾಡೋಕೆ ಹೊರಟಿದ್ದರು. 1980ರಲ್ಲಿ ಸಾವಿರಾರು ಜನ ನಡೆದುಕೊಂಡು ಹೋಗಿ ಬೇಡ ಅಂದರು, ಮರುವರ್ಷ ಅದು ಸಂರಕ್ಷಿತ ಪ್ರದೇಶವಾಯಿತು. ಆ ಜನರಿಂದಲೇ ಇವತ್ತು ನಿನಗೆ ಆ ತಿಳಿನೀರಿನ ಪುಟ್ಟ ಕೊಲ್ಲಿಗಳು ಸಿಗುತ್ತಿವೆ. ಬೆಣಚುಕಲ್ಲೊಂದನ್ನೂ ಎತ್ತಿಕೊಂಡು ಬರಬೇಡ. ದಾರಿಯಲ್ಲಿ ನೆರಳು ಕಮ್ಮಿ, ಅಂಗಡಿ ಇಲ್ಲ. ನೀರು, ಟೋಪಿ, ಗಟ್ಟಿ ಶೂ ಬೇಕೇ ಬೇಕು. ನೀರಿಗಿಳಿಯೋಕೆ ರಬ್ಬರ್ ಚಪ್ಪಲಿ ಹಾಕಿಕೋ, ಬಂಡೆಗಳಲ್ಲಿ ಮುಳ್ಳಿನ ಕಡಲಜೀವಿ ಇರುತ್ತವೆ.

ಇನ್ನೊಂದು ಮಾತು. ಆ ಸಮುದ್ರದಲ್ಲಿ ಉಬ್ಬರವಿಳಿತ ತೀರಾ ಕಮ್ಮಿ, ನೋಡೋಕೆ ಸಾಧು. ನಂಬಿ ಒಳಗೆ ಹೋಗಬೇಡ. ನಿನಗೆ ಈಜು ಅಷ್ಟಕ್ಕಷ್ಟೇ, ಅಲ್ವಾ? ಕೆಂಪು ಬಾವುಟ ಕಂಡರೆ ದಡದಲ್ಲೇ ಇರು.

ಊಟದ ಚಿಂತೆ ಬೇಡ. ಪಲೆರ್ಮೊದಲ್ಲಿ ಕಡಲೆಹಿಟ್ಟು ಬೇಯಿಸಿ, ತುಂಡು ಮಾಡಿ ಕರಿದ 'ಪನೆಲ್ಲೆ'ಯನ್ನು ಬನ್ನಿನಲ್ಲಿಟ್ಟು ಕೊಡುತ್ತಾರೆ, ಮಾಂಸ ಇರಲ್ಲ. ಬದನೆಕಾಯಿ ಹಾಕಿದ 'ನೊರ್ಮಾ' ಪಾಸ್ತಾನೂ ಸಿಗುತ್ತದೆ. ಅರಂಚೀನಿ ಅನ್ನೋ ಕರಿದ ಅನ್ನದ ಉಂಡೆ ತಗೊಳ್ಳೋ ಮುಂಚೆ ಮಾತ್ರ ಒಳಗೇನಿದೆ ಅಂತ ಕೇಳು.

ಟಿಕೆಟ್ ಮಾಡಿಸೋ ಮೊದಲು ತಾರೀಖು ತಿಳಿಸು.

ನಿನ್ನ
ದೊಡ್ಡಮ್ಮ